ರೋಹಿಣಿ ಮಳೆಗೆ ಮುಂಚಿನ ರಾತ್ರಿಗಳು: ಕೊಡಗಿನಿಂದ ಮಸುಕು ನೀಹಾರಿಕೆಗಳ ಫೋಟೊ

(ಗೋಣಿಕೊಪ್ಪಲಿನಲ್ಲಿ ಆಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಪರದೆ ಮೇಲೆ ಚಿತ್ರ ತೋರಿಸಿ ಹೇಳಿದ್ದನ್ನು ಇಲ್ಲಿ ಮಾತಿನಲ್ಲೇ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಕ್ಷತ್ರಗಳ ನಡುವೆ ಹರಡಿಕೊಂಡಿರುವ ಅನಿಲ ಮತ್ತು ದೂಳಿನ ಮೋಡಕ್ಕೆ ನೀಹಾರಿಕೆ ಅನ್ನುತ್ತೇವೆ. ಅದರ ಫೋಟೊ ತೆಗೆಯುವುದನ್ನು ಕಲಿಯೋಣ ಅಂತ ಹೊರದೇಶದ ಪುಸ್ತಕ, ವಿಡಿಯೊ ಯಾವುದನ್ನು ನೋಡಿದರೂ ಒಂದು ಮಾತು ಬರುತ್ತದೆ: ಬೇಸಿಗೆಯ ನೀಹಾರಿಕೆಗಳಿಗೆ ಜುಲೈ, ಆಗಸ್ಟ್ ಒಳ್ಳೆಯ ಕಾಲ. ಅದನ್ನು ನಂಬಿ ಕಾದರೆ ಕೊಡಗಿನವರಿಗೆ ಏನೂ ಸಿಗುವುದಿಲ್ಲ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ನಮಗೆ ಕಕ್ಕಡ, ಅಂದರೆ ಜಡಿಮಳೆಯ ತಿಂಗಳು. ಆಕಾಶ ಹಾಗಿರಲಿ, ಎದುರಿನ ಬೆಟ್ಟವೇ ಕಾಣುವುದಿಲ್ಲ. ನಮ್ಮ ಬೇಸಿಗೆ ಮಾರ್ಚ್‌ನಿಂದ ಮೇವರೆಗೆ. ಆ ಮೂರು ತಿಂಗಳಲ್ಲಿ ಅದೇ ನೀಹಾರಿಕೆಗಳು ನಮಗೂ ಕಾಣುತ್ತವೆ. ನಾವು ಎದ್ದು ಕೂರಬೇಕಾದ ಹೊತ್ತು ಮಾತ್ರ ಬೇರೆ.

ಆ ಹೊತ್ತನ್ನು ಲೆಕ್ಕ ಹಾಕಲು ನಮ್ಮ ರೈತರ ಹತ್ತಿರ ಒಂದು ಲೆಕ್ಕ ಆಗಲೇ ಇದೆ. ಅಶ್ವಿನಿ ಮಳೆ, ಭರಣಿ ಮಳೆ, ಕೃತ್ತಿಕೆ ಮಳೆ, ರೋಹಿಣಿ ಮಳೆ ಅಂತೀವಲ್ಲ, ಆ ಹೆಸರುಗಳೆಲ್ಲ ಸೂರ್ಯ ಆಗ ಯಾವ ನಕ್ಷತ್ರದಲ್ಲಿದ್ದಾನೆ ಅನ್ನುವುದನ್ನು ಹೇಳುತ್ತವೆ. ರೋಹಿಣಿ ಮಳೆ ಶುರುವಾಗುವುದು ಮೇ 25ರ ಆಸುಪಾಸು. ಆಗ ಸೂರ್ಯ ರೋಹಿಣಿ ನಕ್ಷತ್ರದ ದಿಕ್ಕಿನಲ್ಲಿರುತ್ತಾನೆ. ಆಕಾಶದಲ್ಲಿ ರೋಹಿಣಿಗೆ ಸರಿಯಾಗಿ ಎದುರು ಇರುವುದು ಜ್ಯೇಷ್ಠಾ, ಅಂದರೆ ವೃಶ್ಚಿಕದ ಎದೆಯಲ್ಲಿರುವ ಕೆಂಪು ನಕ್ಷತ್ರ. ಸೂರ್ಯನಿಗೆ ಎದುರು ಇರುವ ನಕ್ಷತ್ರ ನಡುರಾತ್ರಿ ಎಲ್ಲಕ್ಕಿಂತ ಮೇಲೆ ಬಂದಿರುತ್ತದೆ. ಅಂದರೆ ರೋಹಿಣಿ ಮಳೆಯ ಹೊತ್ತಿಗೆ ವೃಶ್ಚಿಕ ರಾತ್ರಿಯಿಡೀ ನಮ್ಮ ಮೇಲಿರುತ್ತದೆ. ಆದರೆ ಅಷ್ಟು ಹೊತ್ತಿಗೆ ಮೋಡವೂ ಬಂದುಬಿಟ್ಟಿರುತ್ತದೆ. ಹಾಗಾಗಿ ನಮ್ಮ ಕೆಲಸವೆಲ್ಲ ರೋಹಿಣಿ ಮಳೆಗೆ ಮುಂಚಿನ ಅಮಾವಾಸ್ಯೆಗಳಲ್ಲಿ ಮುಗಿಯಬೇಕು. ಯುಗಾದಿಗೆ ಹಿಂದಿನ ಅಮಾವಾಸ್ಯೆ ಒಂದು. ಬಸವ ಜಯಂತಿಗೆ ಎರಡು ಮೂರು ದಿನ ಮುಂಚೆ ಬರುವ ಅಮಾವಾಸ್ಯೆ ಇನ್ನೊಂದು. ವರ್ಷ ಚೆನ್ನಾಗಿದ್ದರೆ ಮೇ ತಿಂಗಳಲ್ಲಿ ಮತ್ತೊಂದು.

ಒಂದೇ ನಕ್ಷತ್ರ ತಿಂಗಳಿಗೆ ಎರಡು ಗಂಟೆಯಷ್ಟು ಬೇಗ ಹುಟ್ಟುತ್ತಾ ಹೋಗುತ್ತದೆ. ಮಾರ್ಚ್ ಮಧ್ಯದಲ್ಲಿ ಜ್ಯೇಷ್ಠಾ ಹುಟ್ಟುವುದು ನಡುರಾತ್ರಿ ಹತ್ತಿರ. ಏಪ್ರಿಲ್ ಮಧ್ಯಕ್ಕೆ ರಾತ್ರಿ ಹತ್ತರ ಒಳಗೆ. ಮೇ ಮಧ್ಯಕ್ಕೆ ಎಂಟರ ಒಳಗೆ. ಅದರ ಹಿಂದೆಯೇ ಒಂದೂವರೆ ಗಂಟೆ ಬಿಟ್ಟು ಧನು ರಾಶಿಯ ನೀಹಾರಿಕೆಗಳು ಮೇಲೇಳುತ್ತವೆ. ಮಾರ್ಚ್‌ನಲ್ಲಿ ಬೆಳಗಿನ ಜಾವ ಏಳಬೇಕು, ಮೇನಲ್ಲಿ ಊಟ ಮುಗಿಸಿ ಹೊರಗೆ ಬಂದರೆ ಸಾಕು.

ನಮಗೆ ಇನ್ನೊಂದು ಅನುಕೂಲ ಇದೆ. ಅದನ್ನು ನಾವು ಗಮನಿಸುವುದೇ ಕಡಿಮೆ. ಕೊಡಗು ಇರುವುದು ಸುಮಾರು 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಧನು ರಾಶಿಯ ಲಗೂನ್ ನೀಹಾರಿಕೆ ಇಲ್ಲಿ 53 ಡಿಗ್ರಿ ಎತ್ತರಕ್ಕೆ ಬರುತ್ತದೆ. ಲಂಡನ್‌ನಲ್ಲಿ ಅದೇ ನೀಹಾರಿಕೆ 14 ಡಿಗ್ರಿ ದಾಟುವುದಿಲ್ಲ. ವೃಶ್ಚಿಕದ ಬಾಲದ ಹತ್ತಿರ, ಮೂಲಾ ನಕ್ಷತ್ರದ ಪಕ್ಕದಲ್ಲಿ, ಕ್ಯಾಟ್ಸ್ ಪಾ ಎಂಬ ನೀಹಾರಿಕೆ ಇದೆ. ಅದು ಅವರಿಗೆ ದಿಗಂತದಿಂದ ಎರಡೂವರೆ ಡಿಗ್ರಿ ಮೇಲೆ, ಅಂದರೆ ಇಲ್ಲವೇ ಇಲ್ಲ ಅಂದ ಹಾಗೆ. ನಮಗೆ 41 ಡಿಗ್ರಿ. ದಿಗಂತದ ಹತ್ತಿರ ಬೆಳಕು ದಪ್ಪನೆಯ ಗಾಳಿಯ ಮೂಲಕ ಬರಬೇಕು, ಅಲ್ಲೇ ಅರ್ಧ ಕಳೆದುಹೋಗುತ್ತದೆ. ಸಾಲದ್ದಕ್ಕೆ 49 ಡಿಗ್ರಿಗಿಂತ ಉತ್ತರದ ಊರುಗಳಲ್ಲಿ ಜೂನ್ ತಿಂಗಳ ರಾತ್ರಿ ಪೂರ್ತಿ ಕತ್ತಲಾಗುವುದೇ ಇಲ್ಲ. ನಮಗೆ ಮೇ ತಿಂಗಳಲ್ಲೂ ಎಂಟು ಗಂಟೆಗೂ ಜಾಸ್ತಿ ಗಟ್ಟಿ ಕತ್ತಲು ಇದೆ. ಅವರು ದುಬಾರಿ ಸಲಕರಣೆ ಇಟ್ಟುಕೊಂಡು ಹಂಬಲಿಸುವ ಆಕಾಶ ನಮ್ಮ ಮನೆ ಅಂಗಳದ ಮೇಲೆ ಪ್ರತಿ ವರ್ಷ ಹಾದುಹೋಗುತ್ತದೆ.

ಈಗ ಮಸುಕು ಅನ್ನುವ ವಿಷಯಕ್ಕೆ ಬರೋಣ. ಕಣ್ಣಿಗೆ ಕಾಣದ್ದು ಫೋಟೊದಲ್ಲಿ ಹೇಗೆ ಕಾಣುತ್ತದೆ? 1880ರ ಸೆಪ್ಟೆಂಬರ್ 30ರಂದು ಹೆನ್ರಿ ಡ್ರೇಪರ್ ಮೊದಲ ಸಲ ಒಂದು ನೀಹಾರಿಕೆಯ ಫೋಟೊ ತೆಗೆದರು. ಅದು ಮೃಗಶಿರಾದ ಹತ್ತಿರದ ಒರಾಯನ್ ನೀಹಾರಿಕೆ. ಎಕ್ಸ್‌ಪೋಷರ್, ಅಂದರೆ ಬೆಳಕು ಸೇರಿಸಿದ ಹೊತ್ತು, 51 ನಿಮಿಷ. ಮೂರೇ ವರ್ಷದಲ್ಲಿ ಆಂಡ್ರ್ಯೂ ಕಾಮನ್ ಅದೇ ಜಾಗದ ಫೋಟೊ ತೆಗೆದಾಗ, ಅದೇ ದೂರದರ್ಶಕದಲ್ಲಿ ಕಣ್ಣಿಟ್ಟರೂ ಕಾಣದ ನಕ್ಷತ್ರಗಳು ಅದರಲ್ಲಿ ಮೂಡಿದ್ದವು. ಕಣ್ಣು ಒಂದು ಸೆಕೆಂಡಿನ ಚಿಕ್ಕ ಭಾಗದಷ್ಟು ಹೊತ್ತು ಬೆಳಕು ಸೇರಿಸಿ, ಮತ್ತೆ ಹೊಸದಾಗಿ ಶುರು ಮಾಡುತ್ತದೆ. ಫೋಟೊ ಫಲಕ ಸೇರಿಸುತ್ತಲೇ ಇರುತ್ತದೆ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಳಸಿಕೊಂಡವರು ಎಡ್ವರ್ಡ್ ಬರ್ನಾರ್ಡ್. ಅಮೆರಿಕದ ನ್ಯಾಶ್‌ವಿಲ್‌ನ ತೀರಾ ಬಡ ಮನೆಯ ಹುಡುಗ. ಚಿಕ್ಕ ವಯಸ್ಸಿನಲ್ಲೇ ಫೋಟೊ ಸ್ಟುಡಿಯೊದಲ್ಲಿ ಕೆಲಸಕ್ಕೆ ಸೇರಿದವರು. ಮುಂದೆ ಅವರು ಆಕಾಶಗಂಗೆಯ ಫೋಟೊ ತೆಗೆಯುತ್ತಾ ತೆಗೆಯುತ್ತಾ, ನಕ್ಷತ್ರಗಳ ನಡುವಿನ ಕಪ್ಪು ಜಾಗಗಳು ಬರೀ ಖಾಲಿ ಜಾಗ ಅಲ್ಲ, ಹಿಂದಿನ ಬೆಳಕನ್ನು ಮರೆ ಮಾಡುವ ದೂಳಿನ ಮೋಡ ಅನ್ನುವ ತೀರ್ಮಾನಕ್ಕೆ ಬಂದರು. 1919ರಲ್ಲಿ ಅಂಥ 182 ಕಪ್ಪು ಮೋಡಗಳ ಪಟ್ಟಿ ಪ್ರಕಟಿಸಿದರು. ಇವತ್ತಿಗೂ ಆಕಾಶದ ನಕ್ಷೆಯಲ್ಲಿ ಬಿ ಅಕ್ಷರದ ಮುಂದೆ ಒಂದು ನಂಬರ್ ಕಂಡರೆ ಅದು ಬರ್ನಾರ್ಡ್ ಪಟ್ಟಿಯದು. ದೊಡ್ಡ ದೂರದರ್ಶಕಗಳ ಪಕ್ಕದಲ್ಲಿದ್ದರೂ ಅವರು ಈ ಕೆಲಸಕ್ಕೆ ಹಿಡಿದದ್ದು ಅಗಲವಾಗಿ ನೋಡುವ ಚಿಕ್ಕ ಲೆನ್ಸುಗಳನ್ನು. ಇದು ನಮಗೆ ಮುಖ್ಯ. ಮಸುಕು ನೀಹಾರಿಕೆಗಳಲ್ಲಿ ತುಂಬ ಜಾಸ್ತಿ ಪಾಲು ಚಿಕ್ಕವಲ್ಲ, ದೊಡ್ಡವು. ಅವಕ್ಕೆ ಹಿಗ್ಗಿಸುವ ಶಕ್ತಿ ಬೇಡ, ಬೆಳಕು ಸೇರಿಸುವ ಹೊತ್ತು ಬೇಕು.

ಈ ಹೊತ್ತಿನ ವಿಚಾರವನ್ನು ಇಲ್ಲಿ ಕೂತಿರುವ ಬೆಳೆಗಾರರಿಗೆ ಹೇಳುವುದು ಸುಲಭ. ನಿಮ್ಮೆಲ್ಲರ ಮನೆಯಲ್ಲಿ ಮಳೆ ಮಾಪಕ ಇದೆ. ಜಿನುಗು ಮಳೆ ಬರುತ್ತಿರುವಾಗ ಐದು ನಿಮಿಷ ಬಿಟ್ಟು ನೋಡಿದರೆ ಏನೂ ಹೇಳಲಾಗದು, ತಳ ಒದ್ದೆ ಆಗಿದೆ ಅಷ್ಟೆ. ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಅಳೆದರೆ ಇಪ್ಪತ್ತು ಸೆಂಟು (ಇಂಚಿನ ನೂರನೇ ಒಂದು ಭಾಗ ಒಂದು ಸೆಂಟು) ಅಂತ ಪುಸ್ತಕದಲ್ಲಿ ಬರೆಯಬಹುದು. ನೀಹಾರಿಕೆಯ ಬೆಳಕೂ ಹಾಗೇ ಹನಿ ಹನಿಯಾಗಿ, ಲೆಕ್ಕ ತಪ್ಪಿದ ಅಂತರದಲ್ಲಿ ಬಂದು ಬೀಳುತ್ತದೆ. ಒಂದೊಂದು ಫೋಟೊದಲ್ಲೂ ಆ ಏರುಪೇರು ಕಾಳು ಕಾಳಾಗಿ ಕಾಣುತ್ತದೆ. ಅದಕ್ಕೇ ನಾಯ್ಸ್ ಅನ್ನುವುದು. ಫೋಟೊಗಳನ್ನು ಒಂದರ ಮೇಲೊಂದು ಸೇರಿಸುತ್ತಾ ಹೋದರೆ ಬೆಳಕು ಹೊತ್ತಿಗೆ ತಕ್ಕಂತೆ ಬೆಳೆಯುತ್ತದೆ, ನಾಯ್ಸ್ ಹೊತ್ತಿನ ವರ್ಗಮೂಲದಷ್ಟು ಮಾತ್ರ ಬೆಳೆಯುತ್ತದೆ. 100 ಫೋಟೊ ಸೇರಿಸಿದರೆ ಚಿತ್ರ ಹತ್ತು ಪಟ್ಟು ಸ್ವಚ್ಛ. ಅದಕ್ಕಿಂತ ಎರಡು ಪಟ್ಟು ಬೇಕೆಂದರೆ 400 ಫೋಟೊ ಬೇಕು. ಇದರಲ್ಲಿ ಅಡ್ಡದಾರಿ ಇಲ್ಲ.

ಈ ಲೆಕ್ಕದ ಮುಂದಿನ ಭಾಗವೇ ನಾನು ಇವತ್ತು ಹೇಳಲು ಬಂದ ವಿಷಯ. ನೀಹಾರಿಕೆಯ ಬೆಳಕಿನ ಜೊತೆ ಆಕಾಶದ ಬೆಳಕೂ ಕ್ಯಾಮರಾದಲ್ಲಿ ಬೀಳುತ್ತದೆ. ಬೀದಿ ದೀಪ, ಕಟ್ಟಡದ ದೀಪಗಳು ಗಾಳಿಯಲ್ಲಿ ಚದುರಿ ಆಕಾಶವನ್ನೇ ಬೆಳಗಿಸುತ್ತವೆ. ಆ ಸರಾಸರಿ ಹೊಳಪನ್ನು ಆಮೇಲೆ ಕಂಪ್ಯೂಟರಿನಲ್ಲಿ ಕಳೆಯಬಹುದು, ಆದರೆ ಅದರ ನಾಯ್ಸ್ ಹೋಗುವುದಿಲ್ಲ. ಒಳ್ಳೆಯ ಕತ್ತಲ ಜಾಗದ ಆಕಾಶಕ್ಕೂ ದೊಡ್ಡ ನಗರದ ನಡುವಿನ ಆಕಾಶಕ್ಕೂ ಸುಮಾರು ನಾಲ್ಕು ಮ್ಯಾಗ್ನಿಟ್ಯೂಡ್ ವ್ಯತ್ಯಾಸ. ಮ್ಯಾಗ್ನಿಟ್ಯೂಡ್ ಹೊಳಪಿನ ಅಳತೆ, ಒಂದು ಮ್ಯಾಗ್ನಿಟ್ಯೂಡ್ ಅಂದರೆ ಎರಡೂವರೆ ಪಟ್ಟು. ನಾಲ್ಕು ಸಲ ಗುಣಿಸಿದರೆ 40 ಪಟ್ಟು. ಮಸುಕು ವಸ್ತುವಿಗೆ ಬೇಕಾದ ಹೊತ್ತೂ ಅದೇ ಲೆಕ್ಕದಲ್ಲಿ ಏರುತ್ತದೆ. ಕತ್ತಲಲ್ಲಿ ಒಂದು ಗಂಟೆಗೆ ಸಿಗುವ ಚಿತ್ರಕ್ಕೆ ಅಲ್ಲಿ 40 ಗಂಟೆ ಬೇಕು. ಲಕ್ಷಗಟ್ಟಲೆ ಕೊಟ್ಟು ಯಾವ ಲೆನ್ಸ್ ತಂದರೂ ಈ 40 ಪಟ್ಟನ್ನು ಕೊಳ್ಳಲು ಆಗುವುದಿಲ್ಲ. ಊರಿನ ದೀಪ ಕಾಣದ ಒಂದು ತೋಟದ ಮನೆ ನಿಮಗಿದ್ದರೆ, ಈ ಹವ್ಯಾಸಕ್ಕೆ ಬೇಕಾದ ಎಲ್ಲಕ್ಕಿಂತ ದುಬಾರಿ ಸಾಧನ ಆಗಲೇ ನಿಮ್ಮ ಹತ್ತಿರ ಇದೆ.

ಎಲ್ಲಿ ನಿಲ್ಲಬೇಕು? ನನ್ನ ಉತ್ತರ: ಕಾಫಿ ಕಣ. ಏಪ್ರಿಲ್ ಹೊತ್ತಿಗೆ ಕಾಫಿ ಒಣಗಿಸುವುದು ಮುಗಿದು ಕಣ ಖಾಲಿ ಇರುತ್ತದೆ. ಸಮತಟ್ಟು, ಗಟ್ಟಿ ನೆಲ, ಸುತ್ತ ಮರ ಇಲ್ಲದ ಬಯಲು, ಮನೆಯಿಂದ ಕರೆಂಟಿನ ವೈರ್ ಎಳೆಯುವಷ್ಟು ಹತ್ತಿರ. ಸಿಮೆಂಟ್ ಕಣವಾದರೆ ಹಗಲು ಕುಡಿದ ಬಿಸಿಲನ್ನು ಸಂಜೆಯೆಲ್ಲ ಬಿಡುತ್ತಿರುತ್ತದೆ, ಕೈ ಇಟ್ಟರೆ ಗೊತ್ತಾಗುತ್ತದೆ. ಆ ಬಿಸಿ ಗಾಳಿಗೆ ದೊಡ್ಡ ದೂರದರ್ಶಕದಲ್ಲಿ ನಕ್ಷತ್ರ ನಡುಗುತ್ತದೆ, ಸಣ್ಣ ಲೆನ್ಸಿಗೆ ಏನೂ ಆಗುವುದಿಲ್ಲ. ರಾತ್ರಿ ತೋಟದ ಒಳಗೆ, ಕಾಡಿನ ಅಂಚಿಗೆ, ಬೆಟ್ಟದ ಮೇಲೆ ಹೋಗಬೇಡಿ. ಆನೆ ಇರುವ ಜಿಲ್ಲೆ ನಮ್ಮದು. ಟಾರ್ಚ್ ಆರಿಸಿಕೊಂಡು, ಆಕಾಶ ನೋಡುತ್ತಾ ನಿಲ್ಲುವ ಕೆಲಸ ಇದು. ಮನೆಯ ಅಂಗಳ, ಮನೆ ಪಕ್ಕದ ಕಣ ಬಿಟ್ಟು ಬೇರೆ ಎಲ್ಲೂ ಬೇಡ ಅಂತ ಒತ್ತಿ ಹೇಳುತ್ತೇನೆ.

ದಿಕ್ಕಿನ ವಿಚಾರದಲ್ಲಿ ದಕ್ಷಿಣ ಕೊಡಗಿನವರು ಪುಣ್ಯವಂತರು. ವೃಶ್ಚಿಕ, ಧನು ಎರಡೂ ಹುಟ್ಟುವುದು ಆಗ್ನೇಯದಲ್ಲಿ. ಕುಟ್ಟ, ಬಾಳೆಲೆ ಕಡೆಯವರಿಗೆ ಆ ದಿಕ್ಕಿನಲ್ಲಿ ನಾಗರಹೊಳೆ ಕಾಡು. ಅಷ್ಟು ದೂರ ಒಂದು ದೀಪ ಇಲ್ಲ. ಕುಶಾಲನಗರದ ಕಡೆಯವರಿಗೆ ಪೂರ್ವದಲ್ಲಿ ಪೇಟೆಯ ಬೆಳಕು ಇದೆ. ಅವರು ನಕ್ಷತ್ರಪುಂಜ ಇನ್ನೂ ಸ್ವಲ್ಪ ಮೇಲೆ ಬರುವವರೆಗೆ ಕಾಯಬೇಕು.

ಭೂಮಿ ತಿರುಗುವುದರಿಂದ ಆಕಾಶ ಒಂದು ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯಲ್ಲಿ 3600 ಆರ್ಕ್‌ಸೆಕೆಂಡ್) ಜಾರುತ್ತದೆ. ಅದನ್ನು ಹಿಂಬಾಲಿಸಲು ಟ್ರ್ಯಾಕರ್ ಎಂಬ ಸಣ್ಣ ಮೋಟಾರ್ ಬರುತ್ತದೆ. ಅದರ ಅಕ್ಷವನ್ನು ಧ್ರುವ ನಕ್ಷತ್ರದ ಹತ್ತಿರದ ಧ್ರುವ ಬಿಂದುವಿಗೆ ಗುರಿ ಇಡಬೇಕು. ಇಲ್ಲಿ ಕೊಡಗಿನವರಿಗೆ ಒಂದು ನಿಜವಾದ ತೊಂದರೆ ಇದೆ. ನಮಗೆ ಧ್ರುವ ಇರುವುದು 12 ಡಿಗ್ರಿ ಎತ್ತರದಲ್ಲಿ ಅಷ್ಟೆ. ಉತ್ತರಕ್ಕೆ ಒಂದು ಗುಡ್ಡ ಅಥವಾ ಒಂದು ಸಾಲು ಸಿಲ್ವರ್ ಓಕ್ ಇದ್ದರೆ ಮುಗಿಯಿತು. ಇದಕ್ಕೆ ಈಗ ದಾರಿ ಇದೆ. ನೀನಾ ಎಂಬ ಉಚಿತ ತಂತ್ರಾಂಶದಲ್ಲಿ ಆಕಾಶದ ಬೇರೆ ಕಡೆಯ ಮೂರು ಫೋಟೊ ತೆಗೆದು, ಅದರಿಂದಲೇ ಅಕ್ಷ ಎಷ್ಟು ತಪ್ಪಿದೆ ಎಂದು ಲೆಕ್ಕ ಹಾಕುವ ಸೌಲಭ್ಯ ಇದೆ. ಧ್ರುವ ಕಾಣಲೇಬೇಕೆಂದಿಲ್ಲ. ಕಂಪ್ಯೂಟರ್ ಇಲ್ಲದಿದ್ದರೆ ದಿಕ್ಸೂಚಿ ಮತ್ತು ಫೋನಿನ ಕೋನಮಾಪಕ ಇಟ್ಟು ಅಕ್ಷ ಸರಿ ಮಾಡಿ, ಒಂದು ನಿಮಿಷದ ಎಕ್ಸ್‌ಪೋಷರ್ ಪ್ರಯತ್ನಿಸಬಹುದು. 50 ಎಂಎಂ ಲೆನ್ಸಿಗೆ ಅಷ್ಟು ಸಾಕಾಗುತ್ತದೆ.

ಇದರಲ್ಲೇ ಇನ್ನೊಂದು ಸಣ್ಣ ಸಂಗತಿ. ಟ್ರ್ಯಾಕರ್ ಅಕ್ಷ ಇಷ್ಟು ಕೆಳಗೆ ಬಾಗಿದಾಗ, ಕ್ಯಾಮರಾದ ಭಾರವನ್ನು ಸರಿದೂಗಿಸುವ ಎದುರು ತೂಕದ ಕಬ್ಬಿಣದ ದಂಡ ಹೆಚ್ಚು ಕಮ್ಮಿ ನೆಟ್ಟಗೆ ಕೆಳಗಿಳಿದು ಟ್ರೈಪಾಡಿನ ಕಾಲಿಗೆ ತಾಗುತ್ತದೆ. ಎಲ್ಲ ಕೈಪಿಡಿಗಳೂ ಒಂದು ಕಾಲನ್ನು ಉತ್ತರಕ್ಕೆ ಇಡಿ ಅನ್ನುತ್ತವೆ. ಅವು ಬರೆದದ್ದು 40, 50 ಡಿಗ್ರಿ ಅಕ್ಷಾಂಶದವರಿಗೆ. ನಾವು ಎರಡು ಕಾಲುಗಳ ನಡುವಿನ ಸಂದು ಉತ್ತರಕ್ಕೆ ಬರುವ ಹಾಗೆ ನಿಲ್ಲಿಸಬೇಕು. ಆಗ ದಂಡಕ್ಕೆ ಓಡಾಡಲು ಜಾಗ ಸಿಗುತ್ತದೆ.

ಕ್ಯಾಮರಾ ಬಗ್ಗೆ. ನೀಹಾರಿಕೆಯ ಕೆಂಪು ಬಣ್ಣ ಬರುವುದು ಹೈಡ್ರೋಜನ್‌ನಿಂದ. ಪಕ್ಕದ ಬಿಸಿ ನಕ್ಷತ್ರದ ಅತಿನೇರಳೆ ಬೆಳಕು ಹೈಡ್ರೋಜನ್ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಹಾಕುತ್ತದೆ. ಅದು ಮತ್ತೆ ಸೇರಿಕೊಂಡು ಮೂರನೆಯ ಮಟ್ಟದಿಂದ ಎರಡಕ್ಕೆ ಇಳಿಯುವಾಗ 656.3 ನ್ಯಾನೊಮೀಟರಿನ ಕೆಂಪು ಬೆಳಕು ಹೊರಡುತ್ತದೆ. ಇದಕ್ಕೆ ಹೈಡ್ರೋಜನ್ ಆಲ್ಫಾ ಅನ್ನುತ್ತಾರೆ. ಮಾಮೂಲಿ ಕ್ಯಾಮರಾದಲ್ಲಿ ಸೆನ್ಸರ್ ಮುಂದೆ ಒಂದು ಫಿಲ್ಟರ್ ಇರುತ್ತದೆ. ಜನರ ಮುಖದ ಬಣ್ಣ ಸರಿಯಾಗಿ ಬರಲಿ ಅಂತ ಅದು ಕಡು ಕೆಂಪನ್ನು ತಡೆಯುತ್ತದೆ. ಅದರಿಂದ ಹೈಡ್ರೋಜನ್ ಆಲ್ಫಾದಲ್ಲಿ ನಾಲ್ಕನೇ ಒಂದು ಭಾಗ ದಾಟಿದರೆ ಹೆಚ್ಚು. ಆ ಫಿಲ್ಟರ್ ಬದಲಿಸಿಕೊಡುವವರಿದ್ದಾರೆ. ಕ್ಯಾನನ್ 60ಡಿಎ, ನಿಕಾನ್ ಡಿ810ಎ ಮಾದರಿಗಳು ಇದಕ್ಕೆಂದೇ ಬಂದಿದ್ದವು. ಆದರೆ ಮೊದಲ ವರ್ಷವೇ ಅದರ ಹಿಂದೆ ಬೀಳಬೇಡಿ. ಇರುವ ಕ್ಯಾಮರಾಗೆ ಒಪ್ಪುವ ನೀಹಾರಿಕೆಗಳೂ ಇವೆ.

ಅದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಜ್ಯೇಷ್ಠಾದ ಪಕ್ಕದ ರೋ ಒಫಿಯೂಕಿ. ನಮ್ಮಿಂದ ಸುಮಾರು 400 ಜ್ಯೋತಿರ್ವರ್ಷ ದೂರದಲ್ಲಿ ನಕ್ಷತ್ರಗಳು ಹುಟ್ಟುತ್ತಿರುವ ಜಾಗ. ನೀಹಾರಿಕೆಗಳಲ್ಲಿ ಇಷ್ಟು ಹತ್ತಿರದವು ಕಡಿಮೆ. ಇಲ್ಲಿ ಬೆಳಕಿನ ಎಲ್ಲ ಕೆಲಸವೂ ಒಂದೇ ಚೌಕಟ್ಟಿನಲ್ಲಿ ಸಿಗುತ್ತದೆ. ರೋ ನಕ್ಷತ್ರದ ಸುತ್ತ ನೀಲಿ. ಅಲ್ಲಿ ದೂಳು ತಾನಾಗಿ ಹೊಳೆಯುವುದಿಲ್ಲ, ನಕ್ಷತ್ರದ ಬೆಳಕನ್ನು ಚದುರಿಸುತ್ತದೆ, ನೀಲಿ ಜಾಸ್ತಿ ಚದುರುತ್ತದೆ. ಜ್ಯೇಷ್ಠಾದ ಸುತ್ತ ಅದೇ ದೂಳು ಹಳದಿ, ಏಕೆಂದರೆ ಆ ನಕ್ಷತ್ರವೇ ಕೆಂಪು ಮಹಾದೈತ್ಯ. ಅದರ ಬಲಕ್ಕೆ ಸಿಗ್ಮಾ ಸ್ಕಾರ್ಪಿ ನಕ್ಷತ್ರದ ಸುತ್ತ ಹೈಡ್ರೋಜನ್ ಕೆಂಪು. ಪೂರ್ವಕ್ಕೆ ಆಕಾಶಗಂಗೆಯ ಕಡೆ ಉದ್ದುದ್ದ ಕಪ್ಪು ಪಟ್ಟಿಗಳು, ಬರ್ನಾರ್ಡ್ ಪಟ್ಟಿಯವು. ನೀಲಿ ಮತ್ತು ಹಳದಿ ಭಾಗಗಳಿಗೆ ಮಾಮೂಲಿ ಕ್ಯಾಮರಾ ಸಾಕು. 135 ಎಂಎಂ ಲೆನ್ಸ್, ಲೆನ್ಸಿನ ತೆರವು ಎಫ್ 2.8, ಸೆನ್ಸರಿನ ಸಂವೇದನೆ ಐಎಸ್‌ಒ 800 ಅಥವಾ 1600, ಎರಡು ನಿಮಿಷದ ಒಂದೊಂದು ಫೋಟೊ, ಒಟ್ಟು ಎರಡು ಮೂರು ಗಂಟೆ. ಮೊದಲನೆಯ ಫೋಟೊ ಪರದೆ ಮೇಲೆ ಬಂದಾಗ ನೀಲಿ ಒಂದು ಸಣ್ಣ ಕಲೆಯ ಹಾಗೆ ಕಂಡರೆ ಹೆಚ್ಚು. ದೂಳಿನ ಪಟ್ಟಿಗಳು ಹೊರಬರುವುದು ಎಲ್ಲವನ್ನೂ ಸೇರಿಸಿದ ಮೇಲೆ. ಈ ಜಾಗ ಆಕಾಶ ಕತ್ತಲಿದ್ದರೆ ಮಾತ್ರ ಬರುತ್ತದೆ. ದೂಳು ಎಲ್ಲ ಬಣ್ಣದಲ್ಲೂ ಬೆಳಕು ಚದುರಿಸುವುದರಿಂದ, ಹೈಡ್ರೋಜನ್ ಒಂದನ್ನೇ ಬಿಟ್ಟುಕೊಳ್ಳುವ ಫಿಲ್ಟರ್ ಹಾಕಿ ನಗರದಿಂದ ತೆಗೆಯುವ ಉಪಾಯ ಇಲ್ಲಿ ನಡೆಯದು. ಕೊಡಗಿನವರು ಇದನ್ನೇ ಮೊದಲು ತೆಗೆಯಬೇಕು ಅನ್ನುವುದು ಅದಕ್ಕೇ.

ಇನ್ನೂ ಮಸುಕಾದದ್ದು ಬೇಕೆಂದರೆ ಸ್ವಲ್ಪ ಉತ್ತರಕ್ಕೆ ಉರಗಧರ ನಕ್ಷತ್ರಪುಂಜದಲ್ಲಿ ಜೀಟಾ ಒಫಿಯೂಕಿ ಇದೆ. ತುಂಬ ಬಿಸಿಯಾದ, ಆಕಾಶದಲ್ಲಿ ವೇಗವಾಗಿ ಓಡುತ್ತಿರುವ ನಕ್ಷತ್ರ. ಅದರ ಸುತ್ತಲಿನ ಹೈಡ್ರೋಜನ್ ಮೋಡ ಹತ್ತು ಡಿಗ್ರಿಯಷ್ಟು ಹರಡಿದೆ. ಇಪ್ಪತ್ತು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಅಗಲ. ಆದರೂ ದೂರದರ್ಶಕಕ್ಕೆ ಕಣ್ಣಿಟ್ಟರೆ ಏನೂ ಇಲ್ಲ. ಸ್ಟುವರ್ಟ್ ಶಾರ್ಪ್‌ಲೆಸ್ 1959ರಲ್ಲಿ ಪ್ರಕಟಿಸಿದ 313 ಹೈಡ್ರೋಜನ್ ಮೋಡಗಳ ಪಟ್ಟಿಯಲ್ಲಿ ಇದು 27ನೆಯದು. ಇದಕ್ಕೆ ಫಿಲ್ಟರ್ ಬದಲಿಸಿದ ಕ್ಯಾಮರಾ ಬೇಕು, ಲೆನ್ಸ್ 50 ಎಂಎಂ ಸಾಕು.

ಕರೀನಾ ನೀಹಾರಿಕೆಯನ್ನೂ ಮರೆಯಬೇಡಿ. ಏಪ್ರಿಲ್‌ನಲ್ಲಿ ರಾತ್ರಿ ಒಂಬತ್ತೂವರೆ ಸುಮಾರಿಗೆ ಸರಿಯಾಗಿ ದಕ್ಷಿಣದಲ್ಲಿ 18 ಡಿಗ್ರಿ ಎತ್ತರಕ್ಕೆ ಬರುತ್ತದೆ. ಮಸುಕಲ್ಲ, ತುಂಬ ಪ್ರಕಾಶಮಾನ. ವೃಶ್ಚಿಕ ಏಳುವವರೆಗೆ ಅದನ್ನು ತೆಗೆಯುತ್ತಾ ಇರಬಹುದು. ರಾಜಹಂಸ ಪುಂಜದ ನಾರ್ತ್ ಅಮೆರಿಕ, ವೇಲ್ ನೀಹಾರಿಕೆಗಳನ್ನು ಬೇಸಿಗೆಯಲ್ಲಿ ನಾವು ಬೆಳಗಿನ ಜಾವ ಮಾತ್ರ ಹಿಡಿಯಬಹುದು. ಅವಕ್ಕೆ ಮಳೆ ಬಿಟ್ಟ ಮೇಲೆ, ಅಕ್ಟೋಬರ್ ಕೊನೆಯಲ್ಲಿ ಸಂಜೆ ಕತ್ತಲಾದ ಕೂಡಲೇ ಕೂರುವುದು ವಾಸಿ. ನಮ್ಮ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ಮಾತ್ರ ಬೇಡ, ಅದು ಹುಣ್ಣಿಮೆಯ ಆಸುಪಾಸು.

ಹವಾಮಾನ. ಫೆಬ್ರವರಿ, ಮಾರ್ಚ್‌ನಲ್ಲಿ ಒಣ ಎಲೆಯ ಹೊಗೆ, ದೂಳು ಸೇರಿ ಆಕಾಶ ಮಬ್ಬಾಗಿರುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮಾರನೆಯ ರಾತ್ರಿ ನೋಡಿ. ಗಾಳಿ ತೊಳೆದಿರುತ್ತದೆ, ದಿಗಂತದವರೆಗೆ ನಕ್ಷತ್ರ ಇರುತ್ತದೆ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನ ಗುಡುಗು ಮಳೆ ಬಂದರೂ ಬೇಸರಪಟ್ಟು ಮಲಗಬೇಡಿ. ಎಷ್ಟೋ ಸಲ ನಡುರಾತ್ರಿ ಮೇಲೆ ತೆರವಾಗುತ್ತದೆ, ನಮ್ಮ ನೀಹಾರಿಕೆಗಳು ಮೇಲೆ ಬರುವುದೂ ಆಗಲೇ. ಅಂಥ ರಾತ್ರಿ ಲೆನ್ಸ್ ಮೇಲೆ ಇಬ್ಬನಿ ಕೂರುತ್ತದೆ. ಪವರ್ ಬ್ಯಾಂಕಿಗೆ ಸಿಕ್ಕಿಸುವ ಸಣ್ಣ ಬಿಸಿ ಪಟ್ಟಿ ಸಿಗುತ್ತದೆ, ಅದನ್ನು ಲೆನ್ಸಿನ ಮೂತಿಗೆ ಸುತ್ತಿ. ಮಳೆಗಾಲದಲ್ಲಿ ಲೆನ್ಸನ್ನು ಬೀರುವಿನಲ್ಲಿ ಸುಮ್ನೆ ಇಟ್ಟರೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಇರಲೇಬೇಕು.

ಬೆಳಿಗ್ಗೆ ಬೆಳಕು ಹರಿಯುವಾಗ ಒಂದು ಕೆಲಸ ಬಾಕಿ. ಫೋಕಸ್ ಮುಟ್ಟದೆ, ಲೆನ್ಸಿನ ಬಾಯಿಗೆ ಬಿಳಿ ಪಂಚೆಯನ್ನು ಸುಕ್ಕಿಲ್ಲದೆ ಎರಡು ಮಡಿಕೆ ಎಳೆದು ಕಟ್ಟಿ, ತಿಳಿ ಆಕಾಶಕ್ಕೆ ಹಿಡಿದು ಮೂವತ್ತು ಫೋಟೊ ತೆಗೆಯಿರಿ. ಇವಕ್ಕೆ ಫ್ಲಾಟ್ ಅನ್ನುತ್ತಾರೆ. ಸೆನ್ಸರ್ ಮೇಲಿನ ದೂಳಿನ ಚುಕ್ಕಿ, ಮೂಲೆಗಳ ಕಪ್ಪು ಎಲ್ಲ ಇದರಿಂದ ಸರಿಹೋಗುತ್ತದೆ. ಮಸುಕು ನೀಹಾರಿಕೆಗೆ ಇದು ಬಿಟ್ಟರೆ ನಡೆಯುವುದಿಲ್ಲ, ಏಕೆಂದರೆ ಮೂಲೆಯ ಕಪ್ಪು ಆ ನೀಹಾರಿಕೆಗಿಂತ ಎಷ್ಟೋ ಗಾಢವಾಗಿರುತ್ತದೆ. ಸೇರಿಸುವ ಕೆಲಸಕ್ಕೆ ಸಿರಿಲ್ ಎಂಬ ಉಚಿತ ತಂತ್ರಾಂಶ ಇದೆ. ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ನಡೆಯುತ್ತದೆ.

ಇಷ್ಟೆಲ್ಲ ಮಾಡಿದರೆ ಯಾರೋ ಆಗಲೇ ತೆಗೆದದ್ದನ್ನೇ ತೆಗೆದ ಹಾಗಾಯಿತಲ್ಲ ಅನ್ನುವವರಿದ್ದಾರೆ. ಹಾಗಲ್ಲ. ರಾಜಹಂಸದಲ್ಲಿ ಗುಳ್ಳೆಯಂಥ ಒಂದು ನೀಹಾರಿಕೆ 2008ರಲ್ಲಿ ಹವ್ಯಾಸಿಯೊಬ್ಬರ ಚಿತ್ರದಲ್ಲಿ ಸಿಕ್ಕಿತು. 2011ರಲ್ಲಿ ಫ್ರಾನ್ಸಿನ ಹವ್ಯಾಸಿ ನಿಕೊಲಾ ಊತೆರ್ ಆಮ್ಲಜನಕದ ಬೆಳಕಿನಲ್ಲಿ ಸ್ಕ್ವಿಡ್ ನೀಹಾರಿಕೆ ಕಂಡುಹಿಡಿದರು. ಲಕ್ಷಾಂತರ ಜನ ಫೋಟೊ ತೆಗೆದ ಆಂಡ್ರೊಮೆಡಾ ಗೆಲಾಕ್ಸಿಯ ಪಕ್ಕದಲ್ಲೇ ಒಂದು ದೊಡ್ಡ ಮಸುಕು ಕಮಾನು ಇದೆ ಅಂತ 2023ರಲ್ಲಿ ಪ್ರಕಟಿಸಿದವರಲ್ಲೂ ಮುಂಚೂಣಿಯಲ್ಲಿದ್ದದ್ದು ಹವ್ಯಾಸಿಗಳು. ಯಾರೂ ಅಷ್ಟು ಹೊತ್ತು ಅಲ್ಲಿ ಬೆಳಕು ಸೇರಿಸಿರಲಿಲ್ಲ ಅಷ್ಟೆ.

ಕೊನೆಗೆ ದೀಪಗಳ ಬಗ್ಗೆ ಹೇಳಲೇಬೇಕು. ನಮ್ಮ ಬೆಟ್ಟದ ಸಾಲುಗಳಲ್ಲಿ ಬಿಳಿ ಎಲ್‌ಇಡಿ ಫ್ಲಡ್‌ಲೈಟುಗಳು ಹೆಚ್ಚುತ್ತಿರುವುದು ನಿಮಗೂ ಕಂಡಿದೆ. ಆನೆ ಭಯ, ಕಳ್ಳರ ಭಯ ಎರಡೂ ನಿಜ. ದೀಪ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಅಡ್ಡಲಾಗಿ ಹಾಕಿದ ದೀಪ ನೋಡುವವನ ಕಣ್ಣಿಗೇ ಕುಕ್ಕುತ್ತದೆ, ಅದರ ಹಿಂದಿನ ನೆರಳಲ್ಲಿ ಏನಿದ್ದರೂ ಕಾಣುವುದಿಲ್ಲ. ಅದೇ ದೀಪಕ್ಕೆ ಮೇಲೊಂದು ತಗಡಿನ ಮರೆ ಹಾಕಿ ನೆಲಕ್ಕೆ ತಿರುಗಿಸಿದರೆ ಅಂಗಳ ಇನ್ನೂ ಚೆನ್ನಾಗಿ ಕಾಣುತ್ತದೆ, ಕಡಿಮೆ ವಾಟ್ ಸಾಕಾಗುತ್ತದೆ. ಬಿಳಿ ಬದಲು ಹಳದಿ ಬಲ್ಬ್ ಹಾಕಿ, ನೀಲಿ ಬೆಳಕೇ ಗಾಳಿಯಲ್ಲಿ ಜಾಸ್ತಿ ಚದುರುವುದು. ಹೋಂಸ್ಟೇ ನಡೆಸುವವರಿಗೆ ನನ್ನ ಬೇಡಿಕೆ: ಅತಿಥಿಗಳು ಮಲಗಿದ ಮೇಲೆ ಅಲಂಕಾರದ ದೀಪಗಳನ್ನು ಆರಿಸಿ. ಲಡಾಖಿನ ಹಾನ್ಲೆಯನ್ನು 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶ ಅಂತ ಘೋಷಿಸಿದ ಮೇಲೆ ಅಲ್ಲಿಗೆ ಜನ ನಕ್ಷತ್ರ ನೋಡಲೆಂದೇ ಹೋಗುತ್ತಾರೆ. ನಮ್ಮ ಅತಿಥಿಗಳೂ ನೋಡುತ್ತಾರೆ, ನಾವು ಉಳಿಸಿಕೊಂಡರೆ.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡು.

ಹಿರಿಯರೊಬ್ಬರು ಕೇಳಿದರು: ಈ ಬಣ್ಣಗಳು ನಿಜವಾ, ಇಲ್ಲ ಕಂಪ್ಯೂಟರಿನಲ್ಲಿ ಬಳಿದದ್ದಾ? ನಿಜ. ನಾವು ಹೊಳಪನ್ನು ಎತ್ತುತ್ತೇವೆ, ಇಲ್ಲದ ಬಣ್ಣ ಸೇರಿಸುವುದಿಲ್ಲ. ಕತ್ತಲಲ್ಲಿ ಕೆಲಸ ಮಾಡುವ ನಮ್ಮ ಕಣ್ಣಿನ ಕೋಶಗಳಿಗೆ ಬಣ್ಣ ತಿಳಿಯುವುದಿಲ್ಲ, ಅದರಲ್ಲೂ 656 ನ್ಯಾನೊಮೀಟರಿನ ಕೆಂಪು ಕಾಣುವುದೇ ಇಲ್ಲ ಅನ್ನಬಹುದು. ಹತ್ತಿರ ಹೋಗಿ ನಿಂತರೂ ನಮಗದು ಬೂದಿಯಾಗಿಯೇ ಕಂಡೀತು. ಕೆಂಪು ಬೆಳಕು ಮಾತ್ರ ಅಲ್ಲಿಂದ ಹೊರಟು ಬರುತ್ತಲೇ ಇದೆ.

ಪಿಯುಸಿ ಓದುವ ಹುಡುಗಿಯೊಬ್ಬಳು ಕೇಳಿದಳು: ಸರ್, ಟ್ರ್ಯಾಕರ್ ಇಲ್ಲ, ಅಣ್ಣನ ಕ್ಯಾಮರಾ ಮತ್ತು ಟ್ರೈಪಾಡ್ ಮಾತ್ರ ಇದೆ, ಏನು ಮಾಡಲಿ? 50 ಎಂಎಂ ಲೆನ್ಸ್ ಹಾಕಮ್ಮ. ಎಫ್ 2.8, ಐಎಸ್‌ಒ 3200, ಕ್ಯಾಮರಾ ತಿದ್ದದೆ ಇದ್ದ ಹಾಗೇ ಉಳಿಸುವ ರಾ ಫಾರ್ಮ್ಯಾಟ್. ಜ್ಯೇಷ್ಠಾವನ್ನು ಚೌಕಟ್ಟಿನ ನಡುವೆ ಇಟ್ಟು ಐದು ಸೆಕೆಂಡಿನ ಫೋಟೊ ಸಾಲಾಗಿ ತೆಗೆಯುತ್ತಾ ಹೋಗು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಜ್ಯೇಷ್ಠಾವನ್ನು ಮತ್ತೆ ನಡುವಿಗೆ ತಾ. 700 ಫೋಟೊ ಆದರೆ ಹತ್ತಿರ ಹತ್ತಿರ ಒಂದು ಗಂಟೆಯ ಬೆಳಕು. ಬರುವ ಅಮಾವಾಸ್ಯೆಗೆ ಹಿಂದೆ ಮುಂದೆ ನಾಲ್ಕು ದಿನ ನೋಡಿಕೊ, ಮನೆಯವರು ಯಾರಾದರೂ ಜೊತೆಯಲ್ಲಿರಲಿ. ಚೆನ್ನಾಗಿ ಬಂದಿಲ್ಲ ಅಂತ ಒಂದು ಫೈಲನ್ನೂ ಅಳಿಸಬೇಡ. ಎಲ್ಲವನ್ನೂ ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಬಾ, ಕೂತು ಸೇರಿಸೋಣ.